ಕೊಳವೆಯಕ್ಕನ ಮೊದಲ ಗೋಡೆ

ಈಗ ಹಿಮ ಬೀಳುವ ಆ ಊರಿನ ಬಡಾವಣೆಯಲ್ಲಿ ಯಾರ ಮನೆಗೆ ಹೀಟರು ಬಂದರೂ ಅಕ್ಕಪಕ್ಕದವರು ಕೇಳುವ ಮೊದಲ ಮಾತು, "ಕೊಳವೆಯಕ್ಕನಿಗೆ ಹೇಳಿದ್ರಾ?" ಅಂತ. ಹೀಟರು ಯಾವ ಕಂಪನಿಯದು, ಎಷ್ಟು ದೊಡ್ಡ ಕೋಣೆಗೆ ಸಾಲುತ್ತದೆ ಅನ್ನುವುದೆಲ್ಲ ಆಮೇಲೆ. ಒಳಗೆ ಉರಿಯುವ ಗ್ಯಾಸಿನ ಹೊಗೆ ಗೋಡೆ ದಾಟಿ ಹೊರಗೆ ಹೋಗಬೇಕಲ್ಲ, ಆ ದಾರಿ ಮಾಡಿಕೊಡುವವಳು ಅವಳು. ಗಿಡ್ಡನೆಯ ಹೆಂಗಸು. ನಲವತ್ತು ದಾಟಿ ಮೂರು ವರ್ಷ. ಹೆಗಲಿಗೆ ತನ್ನರ್ಧದಷ್ಟು ಉದ್ದದ ಚೀಲ, ಕಿವಿಯ ಹಿಂದೆ ಮೊಂಡು ಪೆನ್ಸಿಲು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಆರು ವರ್ಷದ ಹಿಂದೆ ಇದೇ ಹೆಂಗಸು ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಗಂಡ ಬರಲಿ ಅಂತ ಎರಡು ದಿನ ಕಾಯುತ್ತಿದ್ದಳು ಅಂದರೆ ಯಾರೂ ನಂಬುವುದಿಲ್ಲ. ಅವಳೇ ಒಮ್ಮೊಮ್ಮೆ ನಂಬುವುದಿಲ್ಲ.

ಆಗ ಅವಳು ಕೈಗವಸಿನ ಕಾರ್ಖಾನೆಯಲ್ಲಿದ್ದಳು. ಹದಿಮೂರು ವರ್ಷ ಅಲ್ಲೇ. ಅವಳ ಪಾಲಿಗೆ ಬಂದದ್ದು ಹೆಬ್ಬೆರಳು. ಉಳಿದ ನಾಲ್ಕು ಬೆರಳು ನೆಟ್ಟಗೆ ನಿಲ್ಲುತ್ತವೆ, ಹೊಲಿಯುವುದು ಸುಲಭ. ಹೆಬ್ಬೆರಳು ಮಾತ್ರ ಓರೆಯಾಗಿ ಹುಟ್ಟಬೇಕು, ಒಂದು ಎಳೆ ತಪ್ಪಿದರೂ ಹಾಕಿಕೊಂಡವರ ಕೈ ಮಡಚುವುದಿಲ್ಲ. ಆ ಸಾಲಿನಲ್ಲಿ ಅವಳಷ್ಟು ಚೊಕ್ಕವಾಗಿ ಹೆಬ್ಬೆರಳು ಕೂರಿಸುವವರು ಇನ್ನೊಬ್ಬರಿರಲಿಲ್ಲ. ಪಕ್ಕದ ಮೇಜಿನಲ್ಲಿ ಒಳಗಿನ ಅಸ್ತರು ಹೊಲಿಯುತ್ತಿದ್ದ ಗೆಳತಿಯೊಬ್ಬಳಿದ್ದಳು. ಕಾರ್ಖಾನೆಯಲ್ಲಿ ಯಾರಿಗೂ ಯಾರ ಹೆಸರೂ ಬೇಕಿರಲಿಲ್ಲ. ಒಬ್ಬಳು ಹೆಬ್ಬೆಟ್ಟು, ಇನ್ನೊಬ್ಬಳು ಅಸ್ತರು. ಒಂದು ವಸಂತದಲ್ಲಿ ಗೇಟಿನ ಮೇಲೆ ಕಾರ್ಖಾನೆ ಮುಚ್ಚಿದೆ ಅನ್ನುವ ಕಾಗದ ಅಂಟಿತು. ಹೆಬ್ಬೆಟ್ಟೂ ಅಸ್ತರೂ ಒಂದೇ ದಿನ ಮನೆಗೆ ಹೋದರು.

ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ. ವಾರಕ್ಕೆ ಎರಡು ದಿನ ಮನೆ, ಐದು ದಿನ ರಸ್ತೆ. ಹಾಗಾಗಿ ಕೆಲಸ ಹೋದ ಮೇಲೆ ಆ ಮನೆಯಲ್ಲಿ ಹಗಲೆಲ್ಲ ಉಳಿದವರು ಇಬ್ಬರೇ: ಅವಳು ಮತ್ತು ಅವಳ ಮಾವ. ಇಬ್ಬರು ಅಂದರೆ ತಪ್ಪಾಗುತ್ತದೆ. ಒಂದು ಬೆಕ್ಕೂ ಇತ್ತು. ಆ ಬೆಕ್ಕಿಲ್ಲದೆ ಮನೆ ನಡೆಯುತ್ತಲೇ ಇರಲಿಲ್ಲ, ಯಾಕೆಂದರೆ ಮಾವ ಸೊಸೆಯ ಜೊತೆ ಮಾತಾಡುತ್ತಿದ್ದದ್ದು ಬೆಕ್ಕಿನ ಮೂಲಕ.

ಮಾವ ತಗಡಿನ ಕೆಲಸದವರು. ಮನೆಯ ಮುಂಭಾಗವೇ ಅಂಗಡಿ. ಬಕೆಟ್ಟು, ಡಬ್ಬ, ಮಳೆನೀರಿನ ದೋಣಿ ಎಲ್ಲ ಮಾಡಿ ಮಾಡಿ, ಪ್ಲಾಸ್ಟಿಕ್ಕು ಬಂದು ಅವೆಲ್ಲ ಹೋದ ಮೇಲೆ, ಹೀಟರಿನ ಹೊಗೆಕೊಳವೆಗೆ ಕೈ ಹಾಕಿದವರು. ಮಗನಿಗೆ ತಮ್ಮದೇ ಕಸುಬಿನ ಗೆಳೆಯನ ಮಗಳನ್ನು ತರಬೇಕು ಅಂತ ಅವರ ಆಸೆ. ಮಗ ತಂದದ್ದು ಕೈಗವಸಿನ ಹುಡುಗಿಯನ್ನು. ಅವರು ಜಗಳವಾಡಲಿಲ್ಲ, ಮಾತೂ ಬಿಡಲಿಲ್ಲ. ಮಾತಿಗೆ ಒಂದು ಸುತ್ತುದಾರಿ ಹಾಕಿದರು, ಅಷ್ಟೇ. "ಚಹಾ ಆಗಿದ್ಯಾ ಅಂತ ಕೇಳು" ಅನ್ನುತ್ತಿದ್ದರು, ಬೆಕ್ಕಿನ ಕಡೆ ನೋಡಿ. ಇವಳೂ ಬೆಕ್ಕಿಗೇ ಹೇಳುತ್ತಿದ್ದಳು, "ಆಗಿದೆ, ಆರೋಕೆ ಮುಂಚೆ ಬರಬೇಕಂತೆ ಅಂತ ಹೇಳು." ಹನ್ನೊಂದು ವರ್ಷ ಹೀಗೇ ನಡೆಯಿತು. ಮಧ್ಯದಲ್ಲಿ ಒಂದು ಬೆಕ್ಕು ಸತ್ತಿತು. ವಾರದೊಳಗೆ ಮಾವ ಇನ್ನೊಂದನ್ನು ತಂದರು.

ಚಳಿ ಇನ್ನೇನು ಕಾಲಿಡುತ್ತದೆ ಅನ್ನುವ ದಿನಗಳಲ್ಲಿ ಮಾವ ಬಿದ್ದರು. ನಲವತ್ತು ವರ್ಷ ಏಣಿ ಹತ್ತಿ ಇಳಿದ ಮನುಷ್ಯ ಬಿದ್ದದ್ದು ಏಣಿಯಿಂದಲ್ಲ, ಅಂಗಡಿಯ ಹೊಸ್ತಿಲಲ್ಲಿ, ತಾನೇ ಮಾಡಿದ ಬಕೆಟ್ಟು ಎಡವಿ. ಬಲಗೈ ಮಣಿಕಟ್ಟು ಮುರಿಯಿತು, ಹೆಗಲ ಮೂಳೆ ಬಿರಿಯಿತು. ಪ್ಲಾಸ್ಟರು ಹಾಕಿಸಿಕೊಂಡು ಬಂದು ಮಂಚದ ಮೇಲೆ ಕುಳಿತವರಿಗೆ ನೋವಿಗಿಂತ ಅವಮಾನವೇ ಹೆಚ್ಚಾಗಿತ್ತು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಒಂಬತ್ತು ಮನೆಗೆ ಮಾತು ಕೊಟ್ಟಿದ್ದರು. ಮೊದಲನೆಯದು ಕೆಳಗಿನ ಬೀದಿಯ ಪೋಸ್ಟಣ್ಣನ ಮನೆ, ಅದೂ ಎರಡು ವಾರದೊಳಗೆ. ಬೇರೆ ಫಿಟ್ಟರುಗಳಿಗೆ ಹೇಳಿ ಕಳಿಸಿದರು. ಎಲ್ಲರೂ ಒಂದೇ ಉತ್ತರ ಕೊಟ್ಟರು: ಚಳಿಗಾಲದ ಬಾಗಿಲಲ್ಲಿ ಯಾರಿಗೆ ಪುರುಸೊತ್ತಿದೆ?

ಮೂರನೆಯ ದಿನ ಮಧ್ಯಾಹ್ನ ಅವಳು ಅಂಗಡಿಯೊಳಗೆ ಹೋಗಿ ನಿಂತಳು. ಗೋಡೆಗೆ ತೂಗುಹಾಕಿದ ತಗಡು ಕತ್ತರಿಗಳು, ಮರದ ಕೊಡತಿ, ರಸಮಟ್ಟ. ಮೂಲೆಯಲ್ಲಿ ಗೋಡೆ ಕೊರೆಯುವ ದೊಡ್ಡ ಡ್ರಿಲ್ಲು, ಅದರ ಮೂತಿಗೆ ಸಿಕ್ಕಿಸುವ ಹಲ್ಲಿನ ಬಟ್ಟಲು. ಬೆಂಚಿನ ಮೇಲೆ ಮಾವ ಅರ್ಧ ಕತ್ತರಿಸಿಟ್ಟಿದ್ದ ತಗಡಿನ ಹಾಳೆಯಿತ್ತು, ಮೇಲೆ ಪೆನ್ಸಿಲಿನ ಗೆರೆ. ಅವಳು ಬೆರಳಿನಿಂದ ಆ ಗೆರೆಯನ್ನು ಹಿಂಬಾಲಿಸಿದಳು. ಹಾಳೆ ಸುತ್ತಿದರೆ ಕೊಳವೆ, ಅಂಚು ಮಡಚಿದರೆ ಹೊಲಿಗೆ. ಬಟ್ಟೆಯ ಜಾಗದಲ್ಲಿ ತಗಡು ಬಂದಿದೆ, ಅಷ್ಟೇ ತಾನೆ ಅನ್ನಿಸಿತು.

ಒಳಗೆ ಬಂದು ಬೆಕ್ಕಿಗೆ ಹೇಳಿದಳು, "ಪೋಸ್ಟಣ್ಣನ ಮನೆ ಕೆಲಸ ನಾನು ಮಾಡ್ತೀನಿ ಅಂತ ಹೇಳು."

ಮಾವ ಬೆಕ್ಕಿನ ತಲೆ ಸವರಿದರು. "ಗೋಡೆ ಅಂದ್ರೆ ಬಟ್ಟೆ ಅಲ್ಲ ಅಂತ ಹೇಳು. ಬಟ್ಟೆ ತಪ್ಪಿದ್ರೆ ಬಿಚ್ಚಿ ಹೊಲಿಬಹುದು. ಗೋಡೆ ತಪ್ಪಿದ್ರೆ ಮನೆಯವರು ನಮ್ಮನ್ನ ಬಿಚ್ಚಿ ಹೊಲೀತಾರೆ."

"ಕಲಿಸಿದ್ರೆ ಕಲೀತಾಳಂತೆ ಅಂತ ಹೇಳು."

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತ ಹೇಳು."

"ದೊಣ್ಣೆ ಈಗಾಗ್ಲೇ ಬಿದ್ದಾಗಿದೆಯಲ್ಲ, ಕುಂಬಾರ ಕೈ ಮುರ್ಕೊಂಡು ಕೂತಿದಾನೆ ಅಂತ ಹೇಳು."

ಮಾವ ನಗಲಿಲ್ಲ, ಆದರೆ ಮೀಸೆ ಒಂಚೂರು ಅಲುಗಿತು. ಮಾರನೆಯ ಬೆಳಿಗ್ಗೆ ಅಂಗಡಿಯ ಹಿಂಗೋಡೆಯ ಮುಂದೆ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಎಡಗೈಯಲ್ಲಿ ಡ್ರಿಲ್ಲು ತೋರಿಸಿದರು. ಅವಳು ಅದನ್ನು ಎತ್ತಿದಳು. ಐದು ತಿಂಗಳ ಮಗುವಿನಷ್ಟು ಭಾರ. ಗುಂಡಿ ಒತ್ತಿದಳು. ಡ್ರಿಲ್ಲು ಗರ್ಜಿಸಿತು, ಅವಳು ಕಿರುಚಿದಳು, ಬೆಕ್ಕು ಕಪಾಟು ಹಾರಿ, ಕಿಟಕಿ ಹಾರಿ, ಬೀದಿ ದಾಟಿ ಕಾಣೆಯಾಯಿತು.

ಮಾವ ಕಿಟಕಿಯ ಕಡೆ ನೋಡಿದರು. ಆಮೇಲೆ ಸೊಸೆಯ ಕಡೆ ನೋಡಿದರು. ಬೇರೆ ಗತಿಯಿರಲಿಲ್ಲ. "ಮೊಣಕೈ ಪಕ್ಕೆಗೆ ಒತ್ತಿ ಹಿಡ್ಕೋಮ್ಮ," ಅಂದರು. "ಯಂತ್ರ ನಿನ್ನ ಎಳೀಬಾರದು. ನೀನು ಅದನ್ನ ನಡೆಸ್ಬೇಕು."

ಹನ್ನೊಂದು ವರ್ಷದ ಮೇಲೆ ನೇರವಾಗಿ ಬಂದ ಮೊದಲ ಮಾತು ಅದು. ಅವಳು ಅದನ್ನು ಗಮನಿಸಿದ್ದು ಅರ್ಧ ಗಂಟೆಯ ನಂತರ, ಧೂಳು ತೊಳೆದುಕೊಳ್ಳುವಾಗ. ಕಣ್ಣು ಉರಿಯಿತು. ಸಿಮೆಂಟಿನ ಧೂಳೇ ಇರಬೇಕು ಅಂದುಕೊಂಡಳು.

ಆ ವಾರವೆಲ್ಲ ಹಿಂಗೋಡೆ ಜರಡಿಯಾಯಿತು. ಮೊದಲನೆಯ ತೂತು ಮೇಲಕ್ಕೆ ಹೋಯಿತು, ಎರಡನೆಯದು ಎಡಕ್ಕೆ, ಮೂರನೆಯದು ಸರಿಯಾಯಿತು. ಮಾವ ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ಈ ಹೀಟರಿಗೆ ಜೋಡಿ ಕೊಳವೆ, ಒಂದರೊಳಗೆ ಒಂದು. ಒಳಗಿನದರಲ್ಲಿ ಹೊಗೆ ಹೊರಗೆ, ಹೊರಗಿನದರಲ್ಲಿ ಗಾಳಿ ಒಳಗೆ. ಕೊಳವೆ ಹೊರಗಡೆಗೆ ಒಂದು ಬೆರಳು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮಳೆನೀರು ಹೀಟರಿನ ಹೊಟ್ಟೆಗೆ ಬರುತ್ತದೆ. ಬಾಯಿ ಯಾರ ಕಿಟಕಿಯ ಕೆಳಗೂ ತೆರೆಯಬಾರದು, ಹಿಮ ಮೊಣಕಾಲೆತ್ತರ ಬಿದ್ದರೂ ಮುಚ್ಚಿಹೋಗಬಾರದು. ಮೊದಲು ಡ್ರಿಲ್ಲಿನ ಸಣ್ಣ ಕಂಬಿಯಲ್ಲಿ ಗೋಡೆಯ ಆಚೆಗೆ ಹಾಯುವ ತೂತು, ಆಮೇಲೆ ಅದನ್ನು ಅಗಲ ಮಾಡಲು ಹಲ್ಲಿನ ಬಟ್ಟಲು. "ಕೊನೇದಾಗಿ ಒಂದು," ಅಂದರು ಮಾವ. "ಈ ಹೊಗೆಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದ ಹಾಗೇ ಹೋಗಿಬಿಡ್ತಾರೆ. ನಿನಗೆ ಕೂದಲೆಳೆಯಷ್ಟು ಅನುಮಾನ ಬಂದ್ರೂ ಆ ಮನೆಯಲ್ಲಿ ಬೆಂಕಿ ಹಚ್ಚೋಕೆ ಬಿಡಬೇಡ. ಯಾರು ಬೈದ್ರೂ ಸರಿ."

ಪೋಸ್ಟಣ್ಣ ಮೂವತ್ತು ವರ್ಷ ಆ ಬೀದಿಗಳಿಗೆಲ್ಲ ಕಾಗದ ಹಂಚಿ ನಿವೃತ್ತರಾದವರು. ಊರಿಗೆಲ್ಲ ಅಣ್ಣನಾಗಿದ್ದವರು ಒಂದು ತಿಂಗಳ ಹಿಂದಷ್ಟೇ ಅಜ್ಜನಾಗಿದ್ದರು. ಮಗಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಗಿ, ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. "ಒಂದು ಸಾಧಾರಣ ಪಾರ್ಸಲ್ಲಿನಷ್ಟೂ ತೂಕ ಇಲ್ಲ ನೋಡಮ್ಮ," ಅನ್ನುತ್ತಿದ್ದರು. ಶನಿವಾರ ಮನೆಗೆ ಕಳಿಸುತ್ತೇವೆ, ಆದರೆ ಕೋಣೆ ಒಂದೇ ಸಮ ಬೆಚ್ಚಗಿರಬೇಕು ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ಈ ಹೀಟರು.

ಬುಧವಾರ ಬೆಳಿಗ್ಗೆ ಅವಳು ಚೀಲ ಹೊತ್ತು ಬಾಗಿಲಲ್ಲಿ ನಿಂತಾಗ ಪೋಸ್ಟಣ್ಣ ಅವಳ ಬೆನ್ನ ಹಿಂದೆ ಇಣುಕಿದರು. "ಫಿಟ್ಟರು ಎಲ್ಲಿ?"

"ನಾನೇ."

"ನೀನು ಸೊಸೆ ಅಲ್ವಾ?"

"ಸೊಸೇನೂ ಹೌದು, ಫಿಟ್ಟರೂ ಹೌದು."

ಪೋಸ್ಟಣ್ಣ ಹೆಂಡತಿಯ ಮುಖ ನೋಡಿದರು. ಅವರ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಬಾಗಿಲಲ್ಲಿ ನಿಲ್ಲಿಸ್ಕೊಂಡು ವಿಳಾಸ ಓದ್ತಾ ಇದ್ದೀರಾ? ಒಳಗೆ ಬಿಡಿ," ಅಂದರು.

ಕೋಣೆ ಚಿಕ್ಕದು. ಒಂದು ಮಂಚ, ಖಾಲಿ ತೊಟ್ಟಿಲು, ಹೊಸದಾಗಿ ಒಗೆದು ಮಡಚಿಟ್ಟ ಅಂಗೈಯಗಲದ ಅಂಗಿಗಳು. ಹೊರಗೋಡೆಯ ಆಚೆ ಒಂದು ಓಣಿ. ಪೋಸ್ಟಣ್ಣನಿಗೆ ಹೀಟರು ಕಿಟಕಿಯ ಕೆಳಗೆ ಬೇಕಾಗಿತ್ತು. ಅವಳು ಆಗದು ಅಂದಳು, ಕಿಟಕಿ ತೆರೆದರೆ ಹೊಗೆ ಮಗುವಿನ ಮೂಗಿಗೇ ಬರುತ್ತದೆ. ಅವರು ಹೀಟರನ್ನು ಕಿಟಕಿಯಿಂದ ದೂರಕ್ಕೆ ಸರಿಸಿದರು. ಅವಳು ಕಾರ್ಖಾನೆಯ ರೂಢಿಯಂತೆ ದಪ್ಪ ಕಾಗದದಲ್ಲಿ ಹೀಟರಿನ ಬೆನ್ನಿನ ಅಚ್ಚು ಕತ್ತರಿಸಿ ತಂದಿದ್ದಳು. ಅದನ್ನು ಗೋಡೆಗೆ ಅಂಟಿಸಿ, ರಸಮಟ್ಟ ಇಟ್ಟು, ನಡುವಿನ ಚುಕ್ಕೆಗೆ ಕಂಬಿ ಹಿಡಿದಳು. ಮೊಣಕೈ ಪಕ್ಕೆಗೆ ಒತ್ತಿಕೊಂಡಳು. ಕಂಬಿ ಗೇಣುದ್ದ ಹೋಯಿತು. ಮರುಗಳಿಗೆ, ಎದುರಿಗೆ ಏನೂ ಇಲ್ಲದ ಹಾಗೆ, ಬುಡದವರೆಗೂ ಒಳಗೆ ಮುಗ್ಗರಿಸಿತು. ಹಿಂಗೋಡೆಯಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ. ಕಂಬಿಯ ತುದಿ ಆಚೆ ಬಂತೇನೋ ಅಂತ ಓಣಿಗೆ ಓಡಿ ನೋಡಿದಳು. ಬಂದಿರಲಿಲ್ಲ.

ಅಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬಾಗಿಲಲ್ಲಿ ಪೋಸ್ಟಣ್ಣ ಕೈಕಟ್ಟಿ ನೋಡುತ್ತಿದ್ದರು. ಕಲ್ಲಿನ ಸಂದು ಇದ್ದೀತು ಅಂತ ಅವಳು ಹಲ್ಲಿನ ಬಟ್ಟಲು ಹಾಕಿ ಕೊರೆದಳು. ದುಂಡನೆಯ ಒಂದು ಬಿಲ್ಲೆ ಕಳಚಿ ಕೈಗೆ ಬಂತು. ಅದರ ಹಿಂದೆಯೇ ಗೋಡೆ ವಾಂತಿ ಮಾಡಿಕೊಂಡಿತು. ಜಲ್ಲಿ, ಇಟ್ಟಿಗೆ ಚೂರು, ಹಳೇ ಸುಣ್ಣದ ಪುಡಿ ಸುರಿದು ಸುರಿದು ನೆಲದ ಮೇಲೆ ಮೊಣಕಾಲೆತ್ತರ ಗುಡ್ಡೆಯಾಯಿತು. ತೊಟ್ಟಿಲು, ಮಂಚ, ಪುಟ್ಟ ಅಂಗಿಗಳು, ಎಲ್ಲದರ ಮೇಲೂ ಬಿಳಿಯ ಧೂಳು ಕೂತಿತು.

"ಮನೆ ಕೆಡವೋಕೆ ಬಂದಿದ್ದೀಯೇನಮ್ಮಾ!" ಪೋಸ್ಟಣ್ಣ ಕೂಗಿದರು. "ಶನಿವಾರ ಮಗು ಬರುತ್ತೆ! ಶನಿವಾರ!"

ಅವಳು ಚೀಲದಲ್ಲಿದ್ದ ಗೋಣಿತಾಟನ್ನು ಉಂಡೆ ಮಾಡಿ ತೂತಿಗೆ ಗಿಡಿದಳು. ಸುರಿಯುವುದು ನಿಂತಿತು. ಓಣಿಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಹೋಗಿಬಿಡೋಣ ಅನ್ನಿಸಿತು. ಚೀಲ ಅಲ್ಲೇ ಬಿಟ್ಟು ಮನೆಗೆ ಹೋಗಿ, ಕದ ಹಾಕಿ, ಗಂಡ ಬರುವವರೆಗೂ ಯಾರಿಗೂ ಮುಖ ತೋರಿಸದೆ ಇದ್ದುಬಿಡೋಣ. ಕಾರ್ಖಾನೆ ಮುಚ್ಚಿದ ದಿನವೂ ಅವಳು ಅದನ್ನೇ ಮಾಡಿದ್ದಳು.

ಪೋಸ್ಟಣ್ಣನ ಹೆಂಡತಿ ಎರಡು ಲೋಟ ಚಹಾ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಂಗಿ ನಾನು ಮತ್ತೆ ಒಗೀತೀನಿ," ಅಂದರು. "ಬಟ್ಟೆ ಒಗೆದ್ರೆ ಹೋಗುತ್ತೆ. ನೀನು ಗೋಡೆದು ಹೇಳು. ಅದರೊಳಗೆ ಏನಿದೆ?"

ಹಾಗೆ ಕೇಳಿದ್ದರಿಂದ ಅವಳು ಯೋಚಿಸಬೇಕಾಯಿತು. "ಒಂದು ಗೋಡೆ ಅಲ್ಲ ಇದು," ನಿಧಾನವಾಗಿ ಹೇಳಿದಳು. "ಎರಡು. ಆಚೆಗೊಂದು, ಈಚೆಗೊಂದು. ಮಧ್ಯ ಬರೀ ಚೂರುಪಾರು ತುಂಬಿದಾರೆ. ನಮ್ಮ ಕೈಗವಸಿನ ಥರ. ಹೊರಗೆ ಚರ್ಮ, ಒಳಗೆ ಅಸ್ತರು, ನಡುವೆ ಹತ್ತಿ."

"ಹತ್ತಿ ಚೆಲ್ಲದ ಹಾಗೆ ನೀವು ಏನ್ ಮಾಡ್ತಿದ್ರಿ?"

ಅವಳು ಲೋಟ ಕೆಳಗಿಟ್ಟಳು. ಎದ್ದು ಮನೆಯ ಕಡೆ ಹೆಚ್ಚೂಕಡಿಮೆ ಓಡಿದಳು.

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಬೆಕ್ಕು ಅಷ್ಟರಲ್ಲಿ ವಾಪಸು ಬಂದು ಮಂಚದಡಿ ಮಲಗಿತ್ತು, ಆದರೆ ಇಬ್ಬರಿಗೂ ಅದರ ನೆನಪಿರಲಿಲ್ಲ. "ನಲವತ್ತು ವರ್ಷದಲ್ಲಿ ಇಂಥ ಗೋಡೆ ನನಗೆ ಎರಡು ಸಲ ಸಿಕ್ಕಿದೆ," ಅಂದರು ಅವರು, ನೆಲ ನೋಡುತ್ತ. "ಎರಡು ಸಲಾನೂ ಮನೆಯವರಿಗೆ ಏನೋ ಒಂದು ಸುಳ್ಳು ಹೇಳಿ, ತೂತು ಮುಚ್ಚಿ, ಬೇರೆ ಗೋಡೆಗೆ ಹೋದೆ. ಅವರ ಮನೇಲಿ ಬೇರೆ ಹೊರಗೋಡೆ ಇದೆಯಾ?"

"ಆ ಕೋಣೆಗೆ ಅದೊಂದೇ."

"ಹಂಗಾದ್ರೆ ನನಗೆ ಗೊತ್ತಿಲ್ಲಮ್ಮ."

ಅಷ್ಟು ವರ್ಷದಲ್ಲಿ ಮಾವನ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತನ್ನು ಅವಳು ಕೇಳಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಮಾವನಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿಲ್ಲದಿದ್ದರೆ ಅದರಲ್ಲಿ ನಾಚಿಕೆಯೇನು?

"ಮಾವ, ದಪ್ಪ ತಗಡಿನಲ್ಲಿ ಒಂದು ಗವಸು ಮಾಡೋಣ," ಅಂದಳು. "ಗೋಡೆ ಅಗಲಕ್ಕಿಂತ ಗೇಣು ಉದ್ದ. ಮುಂದಿನ ಅಂಚಿಗೆ ಗರಗಸದ ಹಾಗೆ ಹಲ್ಲು. ಒಳಗಿಂದ ಸ್ವಲ್ಪ ಸ್ವಲ್ಪ ತಿರುವ್ತಾ ನೂಕ್ತೀನಿ. ಗವಸಿನ ಒಳಗೆ ಬಂದ ಚೂರನ್ನ ಮಾತ್ರ ಸೌಟಲ್ಲಿ ಬಾಚಿ ತೆಗೀತೀನಿ. ಮೇಲಿಂದ ಬೀಳೋದನ್ನ ಗವಸೇ ತಡಿಯುತ್ತೆ. ಆಚೆ ಗೋಡೆಗೆ ತಾಗಿದ ಮೇಲೆ ಓಣಿಯಿಂದ ಬಟ್ಟಲು ಹಾಕ್ತೀನಿ."

ಮಾವ ಬಹಳ ಹೊತ್ತು ಪ್ಲಾಸ್ಟರಿನ ಮೇಲೆ ಬೆರಳು ಬಡಿದರು. "ಮಡಚಿದ ಹೊಲಿಗೆ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ತಿರುಗೋದಿಲ್ಲ."

"ಹೊಲಿಗೆ ಹೊರಗಿದ್ರೆ ತಾನೆ? ಒಳಮಗ್ಗುಲಿಗೆ ಮಡಚೋಣ. ಹೆಬ್ಬೆರಳಿಗೆ ನಾವು ಹೊಲಿಗೆ ಎಲ್ಲಿ ಒತ್ತಬಾರದೋ ನೋಡ್ಕೊಂಡೇ ಮಡಚ್ತೀವಿ. ಒಳಗೆ ಕೊಳವೆಗೆ ಬೇಕಾದಷ್ಟು ಜಾಗ ಇದೆ."

ತಗಡಿನ ಕೆಲಸದವರು ಹೊಲಿಗೆಯನ್ನು ಯಾವತ್ತೂ ಹೊರಗೇ ಮಡಚುವುದು. ಕೊಡತಿ ಆಡುವುದು ಹೊರಗೆ ತಾನೆ. ಒಳಗೆ ಮಡಚಲು ಕಬ್ಬಿಣದ ಕಂಬದ ಮೇಲೆ ಹಾಳೆಯನ್ನು ತಿರುವುಮುರುವು ಇಟ್ಟು, ಸೂಕ್ಷ್ಮವಾಗಿ ಬಡಿಯಬೇಕು. ಅವಳು ಬಡಿದಳು. ಮೊದಲನೆಯ ಗವಸು ಸೊಟ್ಟಗಾಯಿತು. ಎರಡನೆಯದರ ಹೊಲಿಗೆ ಬಾಯಿಬಿಟ್ಟಿತು. ಮಾವ ಎಡಗೈಯಲ್ಲಿ ಹಾಳೆಯ ತುದಿ ಅದುಮಿ ಹಿಡಿದರು, ಅವಳು ಕೊಡತಿ ಹಿಡಿದಳು. ಸಂಜೆ ದೀಪ ಹಾಕುವ ಹೊತ್ತಿಗೆ ಬೆಂಚಿನ ಮೇಲೆ ಒಂದು ನೇರವಾದ, ನುಣ್ಣನೆಯ, ಮುಂದೆ ಹಲ್ಲಿರುವ ಗವಸು ನಿಂತಿತ್ತು. ಮಾವ ಅದರ ಮೈಮೇಲೆ ಅಂಗೈ ಸವರಿ, "ಹ್ಞೂ," ಅಂದರು. ಅವರ ಭಾಷೆಯಲ್ಲಿ ಅದು ದೊಡ್ಡ ಭಾಷಣ.

ಗುರುವಾರ ಇಡೀ ದಿನ ಹಿಡಿಯಿತು. ಬೆರಳಷ್ಟು ತಿರುವಿ ನೂಕುವುದು, ಸೌಟಿನಲ್ಲಿ ಬಾಚುವುದು, ರಸಮಟ್ಟ ಇಟ್ಟು ಇಳಿಜಾರು ನೋಡುವುದು, ಮತ್ತೆ ಬೆರಳಷ್ಟು. ಒಂದು ಕಡೆ ಮುಷ್ಟಿ ಗಾತ್ರದ ಕಲ್ಲು ಅಡ್ಡ ಬಂತು. ಅದನ್ನು ಉಳಿಯಿಂದ ಚೂರು ಮಾಡಲು ಒಂದೂವರೆ ಗಂಟೆ. ಸೌಟು ಪೋಸ್ಟಣ್ಣನ ಹೆಂಡತಿಯದು. ಪೋಸ್ಟಣ್ಣ ಮೊದಲು ಬಾಗಿಲಲ್ಲಿ ನಿಂತಿದ್ದವರು, ಆಮೇಲೆ ಕುರ್ಚಿ ಹಾಕಿ ಕುಳಿತರು, ಮಧ್ಯಾಹ್ನದ ಹೊತ್ತಿಗೆ ಬಕೆಟ್ಟು ಹಿಡಿದು ಚೂರು ಹೊರಗೆ ಸಾಗಿಸುತ್ತಿದ್ದರು. "ಮೂವತ್ತು ವರ್ಷ ಹೊತ್ತಿದ್ದೀನಿ, ಇಷ್ಟು ಭಾರದ ಟಪಾಲು ಬಂದಿರ್ಲಿಲ್ಲ," ಅಂದರು. ನಾಲ್ಕು ಗಂಟೆಗೆ ಓಣಿಯ ಕಡೆಯಿಂದ ಬಟ್ಟಲು ಹಾಕಿ ಕೊರೆದಾಗ ಕೊನೆಯ ಬಿಲ್ಲೆ ಕಳಚಿತು. ಗವಸಿನ ಆಚೆ ತುದಿಯಲ್ಲಿ ದುಂಡನೆಯ ಬೆಳಕು. ಅವಳು ಮೊಣಕಾಲೂರಿ ಸ್ವಲ್ಪ ಹೊತ್ತು ಅದರೊಳಗೆ ನೋಡುತ್ತ ಕುಳಿತಳು. ಆಮೇಲೆ ಜೋಡಿ ಕೊಳವೆ ತೂರಿಸಿ, ಸುತ್ತ ಬೆಂಕಿ ತಾಗದ ನಾರು ತುಂಬಿ, ಎರಡೂ ಕಡೆ ಗಾರೆ ಬಳಿದಳು.

ಶುಕ್ರವಾರ ಗ್ಯಾಸಿನ ಲೈನು ಜೋಡಿಸಿ ಮೊದಲ ಬೆಂಕಿ ಹಚ್ಚಲು ಗ್ಯಾಸ್ ಇನ್‌ಸ್ಪೆಕ್ಟರು ಬರುವವರಿದ್ದರು. ಲೈಸೆನ್ಸು ಇದ್ದದ್ದು ಅವರಿಗೇ. ನಾನೂ ಬರುತ್ತೇನೆ ಅಂತ ಮಾವ ಹಟ ಹಿಡಿದರು. ಕೈ ಜೋಳಿಗೆಯಲ್ಲಿ, ಕೋಟು ಒಂದೇ ಹೆಗಲಿಗೆ, ಎರಡು ಬೀದಿ ನಡೆದು ಬಂದು ಕೋಣೆಯ ಮೂಲೆಯಲ್ಲಿ ಕುಳಿತರು. ಇನ್‌ಸ್ಪೆಕ್ಟರು ಬರುವ ಮುಂಚೆ ಅವಳು ಓಣಿಗೆ ಹೋಗಿ ಬೆಂಕಿಕಡ್ಡಿ ಗೀರಿ, ಆರಿಸಿ, ಅದರ ಹೊಗೆಯನ್ನು ಗಾರೆಯ ಅಂಚಿನ ಸುತ್ತ ಹಿಡಿದಳು. ಮೇಲೆ ಸರಿ, ಪಕ್ಕದಲ್ಲಿ ಸರಿ. ಕೆಳಗಡೆ ಒಂದು ಕಡೆ ಹೊಗೆ ಸುಮ್ಮನೆ ಮೇಲೇಳದೆ ಗೋಡೆಯೊಳಕ್ಕೆ ಬಾಗಿತು. ಗಾರೆ ಆರುವಾಗ ಕೂದಲೆಳೆಯಷ್ಟು ಬಿರಿದಿತ್ತು. ಯಾರೂ ನೋಡಿರಲಿಲ್ಲ. ಅವಳು ಒಳಗೆ ಬಂದು, "ಅರ್ಧ ಗಂಟೆ ಬೇಕು, ಒಂದು ಬಿರುಕಿದೆ, ಕಿತ್ತು ಮತ್ತೆ ಬಳಿಬೇಕು," ಅಂದಳು. ಪೋಸ್ಟಣ್ಣ ಗಡಿಯಾರ ನೋಡಿದರು, ತಲೆಯಾಡಿಸಿದರು.

ಇನ್‌ಸ್ಪೆಕ್ಟರು ಬಂದು ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದರು. ಬೆಂಕಿ ಹಚ್ಚಿದರು. ಗಾಜಿನ ಕಿಂಡಿಯಲ್ಲಿ ನೀಲಿ ಜ್ವಾಲೆ ಸಾಲಾಗಿ ಎದ್ದಿತು. ಕೈಯಲ್ಲಿದ್ದ ಮೀಟರನ್ನು ಕೋಣೆಯ ನಾಲ್ಕು ಮೂಲೆಗೂ, ತೊಟ್ಟಿಲೊಳಗೂ ಹಿಡಿದರು, ಸೊನ್ನೆ. ಆಮೇಲೆ ಗೋಡೆಯಿಂದ ಹೊರಚಾಚಿದ ಗವಸಿನ ಅಂಚಿಗೆ ಟಾರ್ಚು ಬಿಟ್ಟು ನೋಡಿ ಹುಬ್ಬೇರಿಸಿದರು. ಮಾವನ ಕಡೆ ತಿರುಗಿ, "ಏನ್ ಯಜಮಾನ್ರೇ, ಹೊಲಿಗೆ ಒಳಗಡೆ? ಇದು ಯಾವ ಲೆಕ್ಕ?" ಅಂತ ಕೇಳಿದರು.

"ನನ್ನನ್ಯಾಕೆ ಕೇಳ್ತೀರಿ?" ಅಂದರು ಮಾವ. "ಕೆಲಸ ಮಾಡಿದೋರು ಅಲ್ಲಿ ನಿಂತಿದಾರೆ."

ಅವಳು ವಿವರಿಸಿದಳು. ಮೊದಲು ತೊದಲಿದಳು, ಆಮೇಲೆ ತೊದಲಲಿಲ್ಲ. ಇನ್‌ಸ್ಪೆಕ್ಟರು ಪೂರ್ತಿ ಕೇಳಿ, ಕಾಗದಕ್ಕೆ ಸಹಿ ಹಾಕಿ, "ಈ ಪೇಟೆಯಲ್ಲಿ ಇಂಥ ಗೋಡೆ ಇನ್ನೂ ಇವೆ. ನಿಮ್ಮ ಫೋನ್ ನಂಬರು ಕೊಡಿ," ಅಂದರು. ವಾಪಸು ಬರುವಾಗ ದಾರಿಯಲ್ಲಿ ಮಾವ ಒಂದೇ ಮಾತು ಆಡಿದರು. "ಬಿರುಕು ನೀನೇ ಹಿಡಿದೆಯಲ್ಲ, ಅದು ಗೋಡೆಗಿಂತ ದೊಡ್ಡ ಕೆಲಸ."

ಶನಿವಾರ ಮಗು ಬಂತು. ಅವಳು ನೋಡಲು ಹೋಗಲಿಲ್ಲ. ಅದು ಅವರ ಮನೆಯವರ ದಿನ. ಭಾನುವಾರ ಬೆಳಿಗ್ಗೆ ಪೋಸ್ಟಣ್ಣ ತಾವೇ ಬಂದು ಬಾಗಿಲು ಬಡಿದರು. ಹಳೇ ಅಭ್ಯಾಸದಂತೆ ಎರಡು ಸಲ, ಗಟ್ಟಿಯಾಗಿ. "ಕೋಣೇಲಿ ನಾನು ಬನಿಯನ್ನಲ್ಲಿ ಕೂತಿದ್ದೆ," ಅಂದರು. "ಮಗು ಕಾಲು ಹೊರಗೆ ಹಾಕ್ಕೊಂಡು ನಿದ್ದೆ ಮಾಡ್ತು. ಅಷ್ಟು ಹೇಳೋಕೆ ಬಂದೆ." ಹೇಳಿದವರೇ ಹೊರಟುಹೋದರು.

ಉಳಿದ ಎಂಟು ಮನೆಗಳನ್ನು ಆ ಚಳಿಗಾಲದಲ್ಲೇ ಮುಗಿಸಿದಳು. ಎಲ್ಲ ಸಲೀಸಾಗಿ ಆಗಲಿಲ್ಲ. ಒಬ್ಬರು ಹೆಂಗಸು ಅಂತ ಬಾಗಿಲಿನಿಂದಲೇ ವಾಪಸು ಕಳಿಸಿ, ವಾರದ ನಂತರ ಸೀನುತ್ತ ಬಂದು ಕರೆದರು. ಇನ್ನೊಂದು ಮನೆಯಲ್ಲಿ ನೀರಿನ ಪೈಪಿಗೆ ಕಂಬಿ ತಾಗಿಸಿ ಅಡುಗೆಮನೆಯನ್ನೆಲ್ಲ ಕೆರೆ ಮಾಡಿದಳು; ಆ ಮನೆಯವರು ಇವತ್ತಿಗೂ ಅವಳನ್ನು ನೋಡಿದರೆ ಕೊಡೆ ಬಿಡಿಸುವಂತೆ ಕೈ ಮಾಡುತ್ತಾರೆ. ಕೊರೆಯುವ ಮುಂಚೆ ಬೆರಳಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳುವುದನ್ನು ಅಭ್ಯಾಸ ಮಾಡಿಕೊಂಡಳು. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಹೆಂಗಸರಿಗೆ, ಮುದುಕಿಯರಿಗೆ ಅವಳು ಬಂದರೆ ನಿರಾಳ. ಕೆಲಸ ಮುಗಿಸಿ ಹೋಗುವಾಗ ನೆಲ ಗುಡಿಸಿ ಹೋಗುವ ಫಿಟ್ಟರನ್ನು ಅವರು ಹಿಂದೆ ಕಂಡಿರಲಿಲ್ಲ. ಕೊಳವೆಯಕ್ಕ ಅನ್ನುವ ಹೆಸರು ಹುಟ್ಟಿದ್ದು ಅಂಥದೇ ಯಾವುದೋ ಮನೆಯಲ್ಲಿ.

ಮಾವನ ಮಣಿಕಟ್ಟು ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ. ಏಣಿ ಹತ್ತುವುದನ್ನು ಬಿಟ್ಟರು. ಈಗ ಅವರು ಕೂತಲ್ಲೇ ಗವಸು ಮಾಡುತ್ತಾರೆ, ಹೊಲಿಗೆ ಒಳಗಡೆ. ಬಂದವರಿಗೆಲ್ಲ ಅದನ್ನು ತಿರುವಿ ತೋರಿಸುತ್ತಾರೆ. ಇದು ನಮ್ಮ ಮನೆಯ ಪದ್ಧತಿ ಅನ್ನುತ್ತಾರೆ. ಕೆಲಸ ಇಬ್ಬರ ಕೈ ಮೀರಿದ ವರ್ಷ ಅವಳು ಅಸ್ತರಿನ ಗೆಳತಿಯ ಮನೆಗೆ ಹೋದಳು. ಗೆಳತಿ ಯಾರದೋ ಪರದೆ ಹೊಲಿಯುತ್ತ ಕುಳಿತಿದ್ದಳು. "ಡ್ರಿಲ್ಲಾ? ನನಗೆ ಮಿಕ್ಸಿ ಸದ್ದು ಕೇಳಿದ್ರೇ ಎದೆ ಹೊಡ್ಕೊಳ್ಳುತ್ತೆ," ಅಂದಳು. "ನನಗೂ ಹಂಗೇ ಇತ್ತು, ಬಾ," ಅಂದಳು ಇವಳು. ನಾರು ತುಂಬುವುದರಲ್ಲಿ ಈಗ ಆ ಗೆಳತಿಯನ್ನು ಮೀರಿಸುವವರಿಲ್ಲ.

ಹೋದ ವರ್ಷ ಗ್ಯಾಸಿನ ಲೈಸೆನ್ಸಿನ ಪರೀಕ್ಷೆಗೆ ಕುಳಿತಳು. ಮೂವತ್ತೊಂದು ಜನರಲ್ಲಿ ಅವಳೊಬ್ಬಳೇ ಹೆಂಗಸು. ಪಕ್ಕದವನು ಅವಳನ್ನು ಪ್ರಶ್ನೆಪತ್ರಿಕೆ ಹಂಚುವವಳು ಅಂದುಕೊಂಡು ಪೆನ್ನು ಕೇಳಿದ. ಬರೆಯುವ ಭಾಗದಲ್ಲಿ ಹೇಗೋ ಪಾರಾದಳು, ಕೈಕೆಲಸದಲ್ಲಿ ಎರಡನೆಯವಳಾಗಿ ಬಂದಳು. ಈಗ ಕೊರೆಯುವುದರಿಂದ ಹಿಡಿದು ಬೆಂಕಿ ಹಚ್ಚುವವರೆಗೂ ಎಲ್ಲ ಅವಳದೇ ಸಹಿ.

ಗಂಡ ಈಗಲೂ ಬಸ್ಸು ಓಡಿಸುತ್ತಾನೆ. ರಜೆಯ ಎರಡು ದಿನ ಚೀಲ ಹೊತ್ತು ಅವಳ ಹಿಂದೆ ಬರುತ್ತಾನೆ. "ಬಸ್ಸಲ್ಲಿ ನಾನು ಡ್ರೈವರು, ಇಲ್ಲಿ ಕ್ಲೀನರು," ಅಂತ ಮನೆಮನೆಯಲ್ಲೂ ಹೇಳುತ್ತಾನೆ. ಅದೇ ಜೋಕು, ಅದೇ ನಗು. ಕಳೆದ ವಾರ ಅವಳು, ಗಂಡ, ಗೆಳತಿ ಮೂವರೂ ಸೇರಿ ಹಳೇ ಶಾಲೆಯೊಂದರ ನಾಲ್ಕು ಕೋಣೆಗೆ ಹೀಟರು ಕೂರಿಸುತ್ತಿದ್ದರು. ಮಧ್ಯಾಹ್ನ ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಾಗ ಅವಳ ಫೋನು ಬಡಿದುಕೊಂಡಿತು. ಪಕ್ಕದ ಊರಿನ ಹೆಂಗಸೊಬ್ಬಳು, ದನಿ ಹಿಂಜರಿಯುತ್ತಿತ್ತು. ಅವಳಿಗೆ ಹೀಟರು ಬೇಡವಂತೆ, ಕೆಲಸ ಕಲಿಯಬೇಕಂತೆ. ವಯಸ್ಸು ಮೂವತ್ತೆಂಟಾಯಿತು, ತಡವಾಯಿತೇನೋ ಅಂತ ಕೇಳಿದಳು.

"ಓದೋಕೆ ಬರುತ್ತಾ? ಅಳತೆ ನೋಡೋಕೆ ಬರುತ್ತಾ?" ಅಂದಳು ಕೊಳವೆಯಕ್ಕ, ಬಾಯಲ್ಲಿ ತುತ್ತು ಇಟ್ಟುಕೊಂಡೇ. ಆಚೆಯಿಂದ ಏನೋ ಉತ್ತರ ಬಂತು. "ಹಂಗಾದ್ರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ಹತ್ರ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಒಳ್ಳೇದು ಹಾಳಾಗುತ್ತೆ."

ಫೋನು ಪಕ್ಕಕ್ಕಿಟ್ಟು ಅವಳು ಡಬ್ಬಿಯ ತಳ ಖಾಲಿ ಮಾಡಿದಳು. ಗೆಳತಿ ಆಗಲೇ ಎದ್ದು ಕೈತೊಳೆಯಲು ಹೋಗಿದ್ದಳು. ಮೂರನೆಯ ಕೋಣೆ ಇನ್ನೂ ಬಾಕಿಯಿತ್ತು.